ಸ್ಮಿತ್ ವೆಸನ್ .32ರ ಕಾರ್ಖಾನೆ ಚರಿತ್ರೆ ತೆಗೆಸಿದ ಬಗೆ: ನನ್ನ ಅನುಭವ

ನಮ್ಮ ಕಡೆಯ ತೋಟದ ಮನೆಗಳಲ್ಲಿ ಉಳಿದಿರುವ ವಿದೇಶಿ ರಿವಾಲ್ವರುಗಳ ಚರಿತ್ರೆ ಕೇಳಿದರೆ ಸಿಗುವ ಉತ್ತರ ಒಂದೇ: ಬ್ರಿಟಿಷರ ಕಾಲದಲ್ಲಿ ಅಜ್ಜ ತೆಗೆದದ್ದು. ಅದಕ್ಕಿಂತ ಹೆಚ್ಚು ಗೊತ್ತಾಗಲಿಕ್ಕಿಲ್ಲ, ಕಾರ್ಖಾನೆಯ ದಾಖಲೆಗೆಂದು ಅಮೆರಿಕಕ್ಕೆ ದುಡ್ಡು ಕಳಿಸುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಎಂದು ಕೋವಿ ಅಂಗಡಿಯವರೂ ಹಳೆಯ ಲೈಸೆನ್ಸುದಾರರೂ ಒಂದೇ ಸ್ವರದಲ್ಲಿ ಹೇಳುತ್ತಿದ್ದರು. ಬದಿಯಡ್ಕದ ಕಡೆಯ ಒಂದು .32 ರೆಗ್ಯುಲೇಶನ್ ಪೊಲೀಸ್, ಅಂದರೆ ಅಮೆರಿಕದ ಸ್ಮಿತ್ ಆ್ಯಂಡ್ ವೆಸನ್ ಕಾರ್ಖಾನೆಯ ಒಂದು ಮಾದರಿಯ ರಿವಾಲ್ವರು, ಈಗ ಕಾರ್ಖಾನೆಯ ಬಾಗಿಲಿನಿಂದ ಇವತ್ತಿನ ಲೈಸೆನ್ಸಿನವರೆಗೆ ಕಾಗದದಲ್ಲಿ ಕೂಡಿಕೊಂಡಿದೆ. ನನಗೆ ತಿಳಿದ ಮಟ್ಟಿಗೆ ಕಾಸರಗೋಡಿನಲ್ಲಿ ಹೀಗೆ ಪೂರ್ತಿ ಕೂಡಿದ್ದು ಇದೇ ಮೊದಲು.

ಈ ಕೆಲಸ ಕೆಡುವುದು ಕೋವಿಯ ಸೀರಿಯಲ್ ನಂಬರಿನಲ್ಲಿ. ರೆಗ್ಯುಲೇಶನ್ ಪೊಲೀಸ್ 1917ರಲ್ಲಿ ಬಂದ ಮಾದರಿ. ಇದರ ಹಿಡಿಯ ಮರ ಉಕ್ಕಿನ ಚೌಕಟ್ಟಿಗಿಂತ ಕೆಳಕ್ಕೆ ಇಳಿದು ಬುಡವನ್ನು ಪೂರ್ತಿ ಮುಚ್ಚುತ್ತದೆ. ಮರದ ಬುಡದಲ್ಲಿ 1917 ಜೂನ್ 5ರ ಪೇಟೆಂಟ್ ಅಚ್ಚು ಇರುತ್ತದೆ. ಬೇರೆ ಸ್ಮಿತ್‌ಗಳಲ್ಲಿ ಬುಡದ ಮೇಲೆ ಕಾಣುವ ನಂಬರು ಹಾಗಾಗಿ ಇದರಲ್ಲಿ ಹಿಡಿಯ ಮುಂದಿನ ಪಟ್ಟಿಗೆ ಬಂತು. ಬೆರಳು ಸುತ್ತಿ ಹಿಡಿಯುವ ಜಾಗವೂ ಅದೇ. ಬೆವರು, ನಮ್ಮ ಮಳೆಗಾಲದ ತೇವ, ತಿಕ್ಕಿ ಒರೆಸಿದ್ದು ಎಲ್ಲ ಸೇರಿ ಅಂಕೆ ಸವೆದುಹೋಗಿರುತ್ತದೆ. ಆಗ ಲೈಸೆನ್ಸು ಬರೆಯುವವರು ಗುಂಡು ತುಂಬುವ ಸಿಲಿಂಡರ್ ಹೊರಗೆ ತೆರೆದು, ಅದನ್ನು ಹಿಡಿದಿರುವ ತೋಳಿನ ಸಂದಿಯಲ್ಲಿ ಚೊಕ್ಕವಾಗಿ ಕಾಣುವ ಅಂಕೆಯನ್ನು ಬರೆದುಕೊಳ್ಳುತ್ತಾರೆ. ಅದು ಕಾರ್ಖಾನೆಯೊಳಗೆ ಭಾಗಗಳು ಬೇರೆಯಾಗದಂತೆ ಹೊಡೆದ ಜೋಡಣೆಯ ನಂಬರು, ಕೋವಿಯ ನಂಬರಲ್ಲ. ಪ್ರತಿ ನವೀಕರಣದಲ್ಲೂ ಅದೇ ನಕಲಾಗುತ್ತ ಬರುತ್ತದೆ. ಆ ನಂಬರು ಕಳಿಸಿದರೆ ಅಮೆರಿಕದಿಂದ "ಇಂಥದ್ದು ದಾಖಲೆಯಲ್ಲಿ ಇಲ್ಲ" ಎಂಬ ಉತ್ತರ ಬರುವುದು ಸಹಜ. ನಮ್ಮವರು ದುಡ್ಡು ಕಳಕೊಂಡದ್ದು ಬಹುಪಾಲು ಹೀಗೆ.

ಸರಿಯಾದ ನಂಬರು ಒಟ್ಟು ನಾಲ್ಕೈದು ಕಡೆ ಇರುತ್ತದೆ: ಹಿಡಿಯ ಮುಂಪಟ್ಟಿ, ಸಿಲಿಂಡರಿನ ಹಿಂಬದಿ, ಬ್ಯಾರೆಲಿನ ಅಡಿಭಾಗ, ಹಾರಿಸಿದ ಗುಂಡಿನ ಖಾಲಿ ಕೋಶ ಹೊರದಬ್ಬುವ ನಕ್ಷತ್ರದ ಹಿಂಭಾಗ, ಬಲಗಡೆಯ ಮರದ ಒಳಮೈ. ಮೂರು ಕಡೆ ಹೊಂದಿಕೆಯಾಗದೆ ಅರ್ಜಿ ಬರೆಯಬೇಡಿ. ಸಿಲಿಂಡರಿನ ಹಿಂಬದಿಯ ಅಂಕೆ ಕೈತಾಗದ ಜಾಗದಲ್ಲಿರುವುದರಿಂದ ಚೆನ್ನಾಗಿ ಉಳಿಯುತ್ತದೆ. 3 ಮತ್ತು 8ರ ಜಗಳ ತೀರುವುದು ಅಲ್ಲಿಯೇ. ಸಿಲಿಂಡರ್ ಮಾತ್ರ ಬೇರೆ ನಂಬರು ತೋರಿಸಿದರೆ ಯಾವುದೋ ಕಾಲದಲ್ಲಿ ಬದಲಾಗಿದೆ ಎಂದು ಅರ್ಥ, ಅದನ್ನು ಅರ್ಜಿಯಲ್ಲೇ ಹೇಳಿಬಿಡಿ.

ಮರ ಬಿಚ್ಚುವಾಗ ಸ್ಕ್ರೂ ಪೂರ್ತಿ ತೆಗೆಯಬಾರದು. ಎರಡು ಮೂರು ಸುತ್ತು ಸಡಿಲಿಸಿ, ಸ್ಕ್ರೂ ತಲೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಎದುರಿನ ಮರ ತಾನಾಗಿ ಏಳುತ್ತದೆ. ಚಾಕು ತೂರಿಸಿ ಎಬ್ಬಿಸಿದ ಮರಗಳ ಅಂಚು ಒಡೆದದ್ದು ಬೇಕಾದಷ್ಟು ನೋಡಿದ್ದೇನೆ. ಚುನಾವಣೆ ಸಮಯದಲ್ಲಿ ಪೊಲೀಸ್ ಠಾಣೆಯಲ್ಲಿ ಠೇವಣಿ ಇಟ್ಟು ತಿಂಗಳುಗಟ್ಟಲೆ ಬಿಟ್ಟು ತಂದ ಕೋವಿಯಾದರೆ ಮರದಡಿ ತುಕ್ಕು ಇದ್ದೇ ಇರುತ್ತದೆ. ಸೀಮೆಎಣ್ಣೆ ಹಚ್ಚಿ ಒಂದು ರಾತ್ರಿ ಬಿಟ್ಟು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಅಷ್ಟೇ. ಮರಳುಕಾಗದ ಮುಟ್ಟಿಸಿದರೆ ಅಂಕೆಯೂ ಹೋಯಿತು, ಬೆಲೆಯೂ ಹೋಯಿತು. ಆಮೇಲೆ ಸೀಮೆಸುಣ್ಣದ ಪುಡಿ ಸವರಿ ಮೇಲ್ಮೈ ಒರೆಸಿ, ಟಾರ್ಚನ್ನು ಪಕ್ಕದಿಂದ ನೆಲಕ್ಕೆ ಸಮವಾಗಿ ಹಿಡಿದು ಫೋಟೊ ತೆಗೆಯಿರಿ. ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜುವ ಕ್ರಮ ಸವೆದ ಅಂಕೆಗೆ ಪ್ರಯೋಜನವಿಲ್ಲ. ಪಾಲಿಶ್ ಹೊಡೆದ ಮೇಲ್ಮೈಯಲ್ಲಂತೂ ಏನೂ ಏಳುವುದಿಲ್ಲ. ಪುಡಿಗೆ ನಾನು ಬೆರೆಸುವ ಇನ್ನೊಂದು ವಸ್ತು ಉಂಟು, ಅದು ನನ್ನಲ್ಲೇ ಇರಲಿ.

ಮರದಡಿಯ ಉಕ್ಕಿನ ಮೇಲೆ ಬೇರೆ ಸಣ್ಣ ಅಚ್ಚುಗಳಿವೆಯೇ ನೋಡಿ. ನಂಬರಿನ ಪಕ್ಕ ನಕ್ಷತ್ರ ಇದ್ದರೆ ಕೋವಿ ಒಮ್ಮೆ ಕಾರ್ಖಾನೆಗೆ ವಾಪಸ್ ಹೋಗಿ ರಿಪೇರಿಯಾಗಿ ಬಂದದ್ದು. ಹಿಡಿಯ ಎಡಬದಿಯಲ್ಲಿ ತಿಂಗಳು-ವರ್ಷದ ಅಂಕೆಯೂ ಸಿಗಬಹುದು. ನಿಕಲ್ ಮೈಯಾದರೆ ಕುದುರೆ (ಹ್ಯಾಮರ್) ಮತ್ತು ಟ್ರಿಗರ್ ನೋಡಿ. ಕಾರ್ಖಾನೆಯ ನಿಕಲಿನಲ್ಲಿ ಅವೆರಡಕ್ಕೆ ನಿಕಲ್ ಇರುವುದಿಲ್ಲ, ಕಾಯಿಸಿ ಗಟ್ಟಿ ಮಾಡಿದ ಮಸುಕು ಬಣ್ಣವೇ ಇರುತ್ತದೆ. ಅವೂ ಬೆಳ್ಳಿಯಂತೆ ಹೊಳೆದರೆ ಊರಿನಲ್ಲಿ ಮಾಡಿಸಿದ ಲೇಪ. ಬದಿಯಡ್ಕದ್ದು ಅಂಥದ್ದೇ. ಮೂಲದಲ್ಲಿ ನೀಲಿ ಮೈಯ ಕೋವಿ ಇದು ಎಂದು ನಾನು ಮೊದಲೇ ಬರೆದಿಟ್ಟಿದ್ದೆ, ಕಾರ್ಖಾನೆಯ ಪತ್ರದಲ್ಲೂ ನೀಲಿ ಎಂದೇ ಬಂತು.

ಕೋವಿ ಮದ್ದಿನ ಒತ್ತಡ ತಾಳುತ್ತದೆಯೇ ಎಂದು ನೋಡಿ ಹೊಡೆಯುವ ಬ್ರಿಟಿಷ್ ಪರೀಕ್ಷೆಯ ಮೊಹರು ಇದೆಯೇ ಎಂಬುದು ಎಲ್ಲಕ್ಕಿಂತ ದೊಡ್ಡ ಸುಳಿವು. ಅಮೆರಿಕದ ಕೋವಿ ಇಂಗ್ಲೆಂಡಿನ ಮಾರುಕಟ್ಟೆ ಹಾದು ಬಂದಿದ್ದರೆ ಸಿಲಿಂಡರಿನ ಮೇಲೂ ಬ್ಯಾರೆಲಿನ ಮೇಲೂ ಕಿರೀಟದ ಮೊಹರು, ಜೊತೆಗೆ "ನಾಟ್ ಇಂಗ್ಲಿಷ್ ಮೇಕ್" ಎಂಬ ಅಚ್ಚು ಇರಬೇಕು. ಇದರಲ್ಲಿ ಒಂದೂ ಇರಲಿಲ್ಲ. ಹಾಗಾದರೆ ನ್ಯೂಯಾರ್ಕಿನಿಂದ ನೇರ ನಮ್ಮ ಬಂದರಿಗೆ ಬಂದದ್ದೆಂದು ಲೆಕ್ಕ ಹಾಕಿದೆ. ಚೌಕಟ್ಟಿನ ಮೇಲೆ "ಮೇಡ್ ಇನ್ ಯು.ಎಸ್.ಎ." ಅಚ್ಚು ಇದ್ದುದರಿಂದ 1920ರ ದಶಕಕ್ಕಿಂತ ಹಿಂದೆ ಹೋಗುವಂತಿರಲಿಲ್ಲ.

ಇನ್ನು ಕಾರ್ಖಾನೆಯ ಪತ್ರ. ಸ್ಮಿತ್ ಆ್ಯಂಡ್ ವೆಸನ್‌ನ ಹಳೆಯ ದಾಖಲೆ ನೋಡಿ ಪತ್ರ ಕೊಡುವುದು ಅವರ ಹಿಸ್ಟಾರಿಕಲ್ ಫೌಂಡೇಶನ್. ಶುಲ್ಕ ಸುಮಾರು 100 ಡಾಲರ್. ಕಾರ್ಡಿನ ವಿದೇಶಿ ವಹಿವಾಟಿನ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಸೇರಿ ನನಗೆ ಒಂಬತ್ತು ಸಾವಿರದ ಹತ್ತಿರ ಬಿತ್ತು. ಬ್ಯಾಂಕಿನಲ್ಲಿ ವಿದೇಶಿ ಪಾವತಿ ಮೊದಲೇ ತೆರೆಸಿಡಿ, ಇಲ್ಲವಾದರೆ ಅರ್ಜಿ ಅರ್ಧದಲ್ಲಿ ನಿಲ್ಲುತ್ತದೆ. ಅರ್ಜಿಯ ಜೊತೆ ಎರಡೂ ಬದಿಯ ಫೋಟೊ, ನಂಬರಿನ ಫೋಟೊ, ಬ್ಯಾರೆಲಿನ ಉದ್ದ ಬೇಕು. ಉದ್ದ ಅಳೆಯುವುದು ಮೂತಿಯಿಂದ ಸಿಲಿಂಡರಿನ ಮುಖದವರೆಗೆ, ಚೌಕಟ್ಟಿನ ತನಕ ಅಲ್ಲ. .32 ರೆಗ್ಯುಲೇಶನ್ ಪೊಲೀಸ್ 3¼, 4¼, 6 ಇಂಚುಗಳಲ್ಲಿ ಬಂದದ್ದು; ನಿಮ್ಮ ಅಳತೆ 4 ಎಂದು ಬಂದರೆ ಟೇಪು ಇಟ್ಟ ಜಾಗ ತಪ್ಪಿದೆ, ಅಥವಾ ಯಾರೋ ಬ್ಯಾರೆಲ್ ಕತ್ತರಿಸಿದ್ದಾರೆ.

ಪತ್ರದಲ್ಲಿ ಬರುವುದು ಕಾರ್ಖಾನೆಯಿಂದ ಹೊರಟ ತಾರೀಕು, ಯಾರಿಗೆ ಹೋಯಿತು, ಬ್ಯಾರೆಲ್, ಮೈಬಣ್ಣ, ಹಿಡಿ. ತಯಾರಾದ ತಾರೀಕು ಅಲ್ಲ. ನಂಬರಿನ ಕೋಷ್ಟಕ ನೋಡಿ ವರ್ಷ ಹೇಳುವವರು ಎಡವುವುದು ಇಲ್ಲಿಯೇ. ಆ ಕಾರ್ಖಾನೆ ನಂಬರಿನ ಕ್ರಮದಲ್ಲಿ ಮಾಲು ಕಳಿಸಲಿಲ್ಲ. ತಯಾರಾದದ್ದು ಉಗ್ರಾಣದಲ್ಲಿ ವರ್ಷಗಟ್ಟಲೆ ಕೂತದ್ದುಂಟು. ಇದರ ನಂಬರು ಕೋಷ್ಟಕದಲ್ಲಿ 1920ರ ದಶಕದ ನಡುವಿಗೆ ಬೀಳುತ್ತದೆ, ಪತ್ರದ ತಾರೀಕು 1930ರ ದಶಕದ ಆರಂಭದ್ದು. ಹೋದದ್ದು ನ್ಯೂಯಾರ್ಕಿನ ಒಂದು ರಫ್ತು ಕಂಪನಿಗೆ. ಸಂಶಯ ಪಟ್ಟವರು ಹೇಳುತ್ತಿದ್ದುದೂ ಇದನ್ನೇ: ರಫ್ತು ಕಂಪನಿಯ ಹೆಸರಿಗೆ ದಾರಿ ಮುಗಿಯುತ್ತದೆ ಎಂದು. ಪತ್ರ ಬಂದ ಮೇಲೆ ಅದೇ ನಂಬರಿಗೆ ಬಿಲ್ಲು, ಪತ್ರವ್ಯವಹಾರ ಹುಡುಕಿಸಲು ಇನ್ನೊಂದು ಅರ್ಜಿ ಹಾಕಬಹುದು, ಅದಕ್ಕೆ ಬೇರೆ ದುಡ್ಡು. ಕೇಳುವ ಒಕ್ಕಣೆಯಲ್ಲಿ ಒಂದು ಸಾಲು ಸೇರಿಸಬೇಕು. ಆ ಸಾಲಿನಿಂದಲೇ ನನಗೆ ಬೊಂಬಾಯಿ ಎಂಬ ಊರು ಸಿಕ್ಕಿದ್ದು.

ಬೊಂಬಾಯಿಯಿಂದ ಈಚೆಗಿನದು ನಮ್ಮ ಕಚೇರಿಗಳ ಕೆಲಸ. 1956 ನವೆಂಬರ್ 1ರ ತನಕ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಲೈಸೆನ್ಸಿನ ಕಡತ ಮಂಗಳೂರಿನದು. 1957ರಿಂದ ಕಣ್ಣೂರು ಜಿಲ್ಲೆ. 1984 ಮೇ 24ರಿಂದ ಕಾಸರಗೋಡು ಜಿಲ್ಲೆ. ಒಂದೇ ಮನೆಯ ಒಂದೇ ಕೋವಿ, ಮೂರು ಊರಿನ ಕಪಾಟು. ಇದನ್ನು ತಿಳಿಯದೆ ಕಾಸರಗೋಡಿನಲ್ಲೇ ಕೇಳಿ "ಇಲ್ಲ" ಎನ್ನಿಸಿಕೊಂಡು ಬರುವವರು ಬಹಳ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಅರ್ಜಿ ಲೈಸೆನ್ಸುದಾರರ ಹೆಸರಲ್ಲೇ ಇರಬೇಕು. ಬೇರೆಯವರು ಕೇಳಿದರೆ ವೈಯಕ್ತಿಕ ಮಾಹಿತಿ ಎಂದು ತಿರಸ್ಕರಿಸುತ್ತಾರೆ. "ಪ್ರತಿ ಕೊಡಿ" ಎನ್ನುವ ಬದಲು "ರಿಜಿಸ್ಟರು ಪರಿಶೀಲಿಸಲು ಅವಕಾಶ ಕೊಡಿ" ಎಂದು ಬರೆಯಿರಿ. ಒಂದು ಕಚೇರಿ ಕಡತವೇ ಲಭ್ಯವಿಲ್ಲ ಎಂದು ಲಿಖಿತ ಉತ್ತರ ಕೊಟ್ಟಿತ್ತು. ಮೇಲ್ಮನವಿ ಹಾಕಿದ ಮೇಲೆ ಅದೇ ಕಚೇರಿಯಲ್ಲಿ ಅದೇ ಪುಸ್ತಕ ಸಿಕ್ಕಿತು. ಅದರಲ್ಲಿ ಎರಡು ನಂಬರೂ ಇದ್ದವು: ಮೊದಲ ನಮೂದಿನಲ್ಲಿ ಸರಿಯಾದದ್ದು, ಮುಂದಿನ ನವೀಕರಣದಿಂದ ತೋಳಿನ ನಂಬರು. ಈಗಿನ ಲೈಸೆನ್ಸಿನಲ್ಲಿ ನಂಬರು ತಿದ್ದಿಸಲು ಆ ಪುಟದ ದೃಢೀಕೃತ ಪ್ರತಿಯೇ ಆಧಾರವಾಯಿತು. ನಿಮ್ಮ ಲೈಸೆನ್ಸಿನಲ್ಲೂ ಹೀಗೆ ಕಂಡರೆ ಎಲ್ಲಕ್ಕಿಂತ ಮೊದಲು ಅದನ್ನು ತಿದ್ದಿಸಿ. ಕೋವಿಯನ್ನು ಲೈಸೆನ್ಸುದಾರರ ಕೈಯಿಂದ ಹೊರಗೆ ಒಯ್ಯಬೇಡಿ, ನಾನು ಅಳತೆ ಫೋಟೊ ಎಲ್ಲ ಅವರ ಮನೆಯಲ್ಲೇ ಮುಗಿಸುತ್ತೇನೆ.

ಒಟ್ಟು ಖರ್ಚು ಇಪ್ಪತ್ತು ಸಾವಿರದ ಆಸುಪಾಸು. ಇದರಿಂದ ಬೆಲೆ ಏರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಅಮೆರಿಕದಲ್ಲಿ ಏರುತ್ತದೆ. ಇಲ್ಲಿ ವಿದೇಶಿ .32ಕ್ಕೆ ಆಮದು ನಿಂತ ಕಾರಣಕ್ಕೇ ಲಕ್ಷಗಳ ಬೆಲೆ. ಕೊಳ್ಳುವವರು ನೋಡುವುದು ಸಿಲಿಂಡರಿನ ಬಿಗಿ ಮತ್ತು ಬ್ಯಾರೆಲಿನ ಒಳಮೈ. ಪತ್ರ ತೆಗೆಸಬೇಕಾದದ್ದು ಚರಿತ್ರೆಗಾಗಿ.

ಹಿಡಿಯ ಮರದ ಒಳಮೈಯಲ್ಲಿ ಕಾರ್ಖಾನೆಯವರು ಪೆನ್ಸಿಲಿನಲ್ಲಿ ಬರೆದ ನಂಬರಿನ ಮೇಲೆ ಒಂದು ಪ್ರಯೋಗ ಮಾಡಿದೆ. ಎಣ್ಣೆ ಕುಡಿದು ಕಪ್ಪಾದ ವಾಲ್ನಟ್ ಮರದಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ತೋಟಕ್ಕೆ ಹಾಕಿದ ಸಿಸಿಟಿವಿ ಕ್ಯಾಮೆರಾವನ್ನು ಕತ್ತಲೆ ಕೋಣೆಯಲ್ಲಿ ಇನ್‌ಫ್ರಾರೆಡ್‌ನಲ್ಲಿ ಇಟ್ಟು ಅದರ ಕೆಳಗೆ ಮರ ಹಿಡಿದರೆ, ಎಣ್ಣೆಯ ಕಪ್ಪು ತಿಳಿಯಾಗಿ ಪೆನ್ಸಿಲಿನ ಗೆರೆ ಮಾತ್ರ ಕಪ್ಪಾಗಿ ಉಳಿಯುತ್ತದೆ. ಬದಿಯಡ್ಕದ ಮರದಲ್ಲಿ ಕೊನೆಯ ಮೂರು ಅಂಕೆ ಹೀಗೆ ಸಿಕ್ಕಿದವು. ಇನ್ನೊಂದು ಮನೆಯ ಮರವನ್ನು ಯಾರೋ ಸೋಡಾ ನೀರಿನಲ್ಲಿ ತಿಕ್ಕಿದ್ದರು, ಪೆನ್ಸಿಲೇ ಉಳಿದಿರಲಿಲ್ಲ.

ಇದೇ ದಾರಿಯಲ್ಲಿ ಈಗ ಕುಂಬಳೆಯ ಒಂದು ವೆಬ್ಲಿ, ಅಂದರೆ ಇಂಗ್ಲೆಂಡಿನ ರಿವಾಲ್ವರು, ಹಿಡಿದಿದ್ದೇನೆ. ಅದರ ಬ್ಯಾರೆಲಿನ ಮೇಲ್ಪಟ್ಟಿಯಲ್ಲಿ ಸೇನಾಧಿಕಾರಿಗಳಿಗೆ ಮಾಲು ಮಾರುತ್ತಿದ್ದ ಲಂಡನ್ನಿನ ಆರ್ಮಿ ಆ್ಯಂಡ್ ನೇವಿ ಸೊಸೈಟಿಯ ಹೆಸರು ಕೊರೆದಿದೆ. ಬರ್ಮಿಂಗ್‌ಹ್ಯಾಮಿನ ಮೊಹರು ಕಿರೀಟದಡಿ "ಬಿಪಿ", "ಬಿವಿ" ಎಂದಿರುವುದರಿಂದ ಪರೀಕ್ಷೆಯಾದದ್ದು 1904ರ ಈಚೆಗೆ. ಅದಕ್ಕಿಂತ ಹಿಂದಿನದಾಗಿದ್ದರೆ ಅಡ್ಡ ಹಾಕಿದ ರಾಜದಂಡಗಳಿರಬೇಕಿತ್ತು. ಆ ಸೊಸೈಟಿಯ ಕೋವಿ ಮಾರಾಟದ ಪುಸ್ತಕಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆ ಭಂಡಾರದಲ್ಲಿವೆ. ನಂಬರು ಮೂರು ಕಡೆ ಹೊಂದಿದೆ, ಅರ್ಜಿ ಹೋಗಿದೆ.