ಹಳೇ ಕಟಾಫ್ ನೋಡಿ ಆಪ್ಷನ್ ತುಂಬುವ ಮೊದಲು

ತೀರ್ಥಹಳ್ಳಿಯಲ್ಲಿ ನನ್ನದೊಂದು ಜೆರಾಕ್ಸ್, ಆನ್‌ಲೈನ್ ಅರ್ಜಿಯ ಅಂಗಡಿ. ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ) ಹೊತ್ತಿಗೆ ಹೊರಗೆ ಜಡಿಮಳೆ, ಒಳಗೆ ಒದ್ದೆ ಕೊಡೆಗಳ ರಾಶಿ. ಬಂದವರು ಕೇಳುವುದು ಒಂದೇ: "ಹೋದ ವರ್ಷ ಪಕ್ಕದ ಮನೆ ಹುಡುಗನಿಗೆ ಇಷ್ಟೇ ಮಾರ್ಕ್ಸಿಗೆ ಸೀಟು ಸಿಕ್ತು. ನಮ್ಮವಳಿಗೂ ಸಿಗುತ್ತೆ ಅಲ್ವಾ?"

ಮೊದಲು ಮಾರ್ಕ್ಸ್ ಬಿಡಿ, ರ‍್ಯಾಂಕ್ ನೋಡಿ. ಪೇಪರ್ ಸುಲಭ ಇದ್ದ ವರ್ಷ ಎಲ್ಲರ ಮಾರ್ಕ್ಸೂ ಏರುತ್ತದೆ. ಉದಾಹರಣೆಗೆ, ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ ಸಾಮಾನ್ಯ ವರ್ಗದವರು ಪಾಸಾಗಲು 720ಕ್ಕೆ 2023ರಲ್ಲಿ 137 ಸಾಕಿತ್ತು. 2024ರಲ್ಲಿ 162 ಬೇಕಾಯಿತು, 2025ರಲ್ಲಿ 144ಕ್ಕೆ ಇಳಿಯಿತು. ಗೆರೆ ಮಾತ್ರ ಮೂರು ವರ್ಷವೂ 50ನೇ ಪರ್ಸೆಂಟೈಲೇ, ಅಂದರೆ ಬರೆದವರಲ್ಲಿ ಅರ್ಧ ಜನರಿಗಿಂತ ಮೇಲಿರಬೇಕು.

ಆದರೆ ರ‍್ಯಾಂಕನ್ನೂ ಸುಮ್ನೆ ನಂಬಬೇಡಿ. ಇಂಜಿನಿಯರಿಂಗ್‌ಗೆ ಪಿಯುಸಿ ಅರ್ಧ, ಸಿಇಟಿ ಅರ್ಧ ಸೇರಿ ರ‍್ಯಾಂಕ್ ಆಗುತ್ತದೆ. 2021ರಲ್ಲಿ ಕೊರೋನಾದಿಂದ ಪಿಯು ಪರೀಕ್ಷೆಯೇ ರದ್ದಾಗಿ ಬರೀ ಸಿಇಟಿ ಲೆಕ್ಕಕ್ಕೆ ಬಂತು. 2024ರಲ್ಲಿ ಸಿಲಬಸ್ಸಿನ ಹೊರಗಿನ 50 ಪ್ರಶ್ನೆ ಕೈಬಿಟ್ಟರು. ಇಂಥ ವರ್ಷದ ಕಟಾಫ್ (ಸೀಟು ಸಿಕ್ಕ ಕೊನೆಯವರ ರ‍್ಯಾಂಕ್) ಪಟ್ಟಿಯ ಮೇಲೆ ನಾನು ಪೆನ್ಸಿಲ್‌ನಲ್ಲಿ ಕಾರಣ ಬರೆದಿಡುತ್ತೇನೆ. ಕಾಲೇಜಿನಲ್ಲಿ ಸೀಟು ಹೆಚ್ಚಾದರೂ ಕಟಾಫ್ ರ‍್ಯಾಂಕ್ ಹಿಂದಕ್ಕೆ ಸರಿಯುತ್ತದೆ, ಅಂದರೆ ಸಂಖ್ಯೆ ದೊಡ್ಡದಾಗುತ್ತದೆ. ಹಾಗಾಗಿ ಮೂರು ವರ್ಷದ್ದು, ಅದೂ ಕೊನೇ ಸುತ್ತಿನದ್ದು, ಪ್ರಿಂಟ್ ತೆಗೆದು ಪಕ್ಕಪಕ್ಕ ಇಡಿ.

ಆಮೇಲೆ ಪಟ್ಟಿಯಲ್ಲಿ ನಿಮ್ಮ ವರ್ಗದ ಕಾಲಂ ಹುಡುಕಿ. ಜಾಸ್ತಿ ಜನ ಎಡವುವುದು ಇಲ್ಲೇ. ಆಗುಂಬೆ ಕಡೆಯ ರೈತರೊಬ್ಬರು ಬಂದಿದ್ದರು. ಅಡಿಕೆ ಸುಲಿದು ಕಪ್ಪಾದ ಅವರ ಬೆರಳು ಜಿಎಂ (ಸಾಮಾನ್ಯ ವರ್ಗ) ಕಾಲಂ ಮೇಲಿತ್ತು. ಶಿವಮೊಗ್ಗದಲ್ಲಿ ಸಿಗಲ್ಲ ಬಿಡಿ ಅಂದರು. ಮಗಳು ಹಿಂದುಳಿದ ವರ್ಗದ 2ಎ, ಹತ್ತನೇ ಕ್ಲಾಸಿನವರೆಗೂ ಹಳ್ಳಿ ಶಾಲೆ. ಸ್ಕೇಲ್ ಇಟ್ಟು ಅದೇ ಸಾಲಿನಲ್ಲಿ ಗ್ರಾಮೀಣ ಕೋಟಾದ 2ಎಆರ್‌ವರೆಗೆ ಎಳೆದೆ. ಅಲ್ಲಿನ ಸಂಖ್ಯೆ ಅವಳ ರ‍್ಯಾಂಕನ್ನೂ ದಾಟಿತ್ತು, ಅಂದರೆ ಸೀಟಿನ ಆಸೆ ಇತ್ತು. ಅಪ್ಪ ಎರಡು ಸಲ ಓದಿಸಿಕೊಂಡರು. ಗ್ರಾಮೀಣ, ಕನ್ನಡ ಮಾಧ್ಯಮದ ಕೋಟಾವನ್ನು ಸಿಇಟಿ ಅರ್ಜಿಯಲ್ಲೇ ಕೇಳಿರಬೇಕು, ಮರೀಬೇಡಿ.

ಪಟ್ಟಿ ತುಂಬುವಾಗ ನಿಜವಾಗಿ ಇಷ್ಟವಾದದ್ದೇ ಮೊದಲು ಬರಲಿ, ಹೋದ ವರ್ಷದ ಕಟಾಫ್ ಪ್ರಕಾರ ಸ್ವಲ್ಪದರಲ್ಲಿ ತಪ್ಪುವಂಥದ್ದಾದರೂ ಸರಿ. ಅದು ಸಿಗದಿದ್ದರೆ ಕೆಳಗಿನದಕ್ಕೆ ಏನೂ ತೊಂದರೆಯಿಲ್ಲ. ಖಂಡಿತ ಸಿಗುವ ನಾಲ್ಕೈದು ಕೊನೆಯಲ್ಲಿರಲಿ. ಪ್ರಯೋಗಕ್ಕೆಂದು ಮಾಡುವ ಸೀಟು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್ ನೋಡಿದ ದಿನವೇ ಬದಲಾಯಿಸಿ ಮುಗಿಸಿ. ಕೊನೇ ಸಂಜೆಗೆ ಉಳಿಸಿಕೊಂಡರೆ, ನಮ್ಮ ಕಡೆ ಮಳೆಗಾಲದ ಕರೆಂಟ್ ನಿಮಗೆ ಗೊತ್ತೇ ಇದೆ.