ಡ್ರ್ಯಾಗ್ ಕಾರಿನ ಬ್ಯಾಟರಿ ಮತ್ತು ಫ್ಯೂಯಲ್ ಸೆಲ್ ಅನ್ನು ಡಿಕ್ಕಿಯಲ್ಲಿ ಸುರಕ್ಷಿತವಾಗಿ ಕೂರಿಸುವ ಕ್ರಮ

ಬಾನೆಟ್ಟಿನ ಕೆಳಗಿನ ಬ್ಯಾಟರಿಯನ್ನೂ ಕಂಪನಿಯ ಪೆಟ್ರೋಲ್ ಟ್ಯಾಂಕನ್ನೂ ತೆಗೆದು, ಬ್ಯಾಟರಿಯನ್ನು ಡಿಕ್ಕಿಗೆ ಒಯ್ದು, ಅದರ ಪಕ್ಕದಲ್ಲಿ ಫ್ಯೂಯಲ್ ಸೆಲ್ (ಪಂದ್ಯದ ಕಾರಿಗೆಂದೇ ಮಾಡಿದ ಸುರಕ್ಷಿತ ಪೆಟ್ರೋಲ್ ಟ್ಯಾಂಕು) ಕೂರಿಸುವುದು ಡ್ರ್ಯಾಗ್ ಕಾರು, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಅಲ್ಪ ದೂರ ಓಡುವ ಪಂದ್ಯದ ಕಾರು ಕಟ್ಟುವವರು ಮೊದಲಿಗೇ ಕೈಹಾಕುವ ಕೆಲಸಗಳಲ್ಲಿ ಒಂದು. ಕಾರವಾರದಲ್ಲಿ ನಮಗೆ ಇದು ಮಳೆಗಾಲದ ಕೆಲಸ. ಹೊರಗೆ ಮಳೆ ಹೊಯ್ಯುವಾಗ ಗ್ಯಾರೇಜಿನೊಳಗೆ ಡಿಕ್ಕಿ ಬಿಚ್ಚಿಕೊಂಡು ಕುಳಿತಿರುತ್ತೇವೆ. ತಗಡು ಕತ್ತರಿಸುವುದು, ವೆಲ್ಡಿಂಗ್ ಮಾಡುವುದು, ಕೇಬಲ್ ಎಳೆಯುವುದು ಯಾವುದೂ ಕಷ್ಟವಲ್ಲ. ಆದರೆ ಕಿಡಿ ಹಾರಿಸಬಲ್ಲ ಬ್ಯಾಟರಿ ಮತ್ತು ಆವಿಯಾಗುವ ಪೆಟ್ರೋಲು ಇದುವರೆಗೆ ಕಾರಿನ ಎರಡು ತುದಿಗಳಲ್ಲಿದ್ದವು. ಈಗ ನಾವೇ ಅವೆರಡನ್ನೂ ಚಾಲಕನ ಬೆನ್ನ ಹಿಂದೆ ಒಂದೇ ಮುಚ್ಚಳದ ಕೆಳಗೆ ತರುತ್ತಿದ್ದೇವೆ. ಅವೆರಡನ್ನು ಮತ್ತೆ ಬೇರೆಬೇರೆಯಾಗಿಡುವುದು ಹೇಗೆ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಪ್ರತಿ ಬೋಲ್ಟನ್ನೂ ಬಿಗಿಯಬೇಕು.

ಕೆಲಸ ಹಿಡಿಯುವ ಮುನ್ನ ಕಾರನ್ನು ಎಳೆಯುವ ಚಕ್ರಗಳು ಯಾವುವು ಎಂದು ನೋಡಿಕೊಳ್ಳಬೇಕು. ನಮ್ಮ ರಸ್ತೆಗಳಲ್ಲಿರುವ ಹೆಚ್ಚಿನ ಸಣ್ಣ ಕಾರುಗಳು ಮುಂದಿನ ಚಕ್ರಗಳಿಂದ ಓಡುವಂಥವು. ಅಂಥ ಕಾರಿನಲ್ಲಿ ಬ್ಯಾಟರಿಯನ್ನು ಹಿಂದಕ್ಕೆ ಒಯ್ದರೆ, ನೆಲವನ್ನು ಹಿಡಿಯಬೇಕಾದ ಚಕ್ರಗಳ ಮೇಲಿನ ಭಾರವನ್ನೇ ಕಳೆದಂತಾಗುತ್ತದೆ. ಆದ್ದರಿಂದ ಅವುಗಳಲ್ಲಿ ಈ ಬದಲಾವಣೆಯನ್ನು ಮಾಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾಂಟೆಸ್ಸಾ, ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಹಿಂದಿನ ಚಕ್ರಗಳಿಂದ ಓಡುವ ಹಳೆಯ ಕಾರುಗಳಲ್ಲಿ ಮಾತ್ರ ಇದರಿಂದ ನಿಜವಾದ ಲಾಭವಿದೆ. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ 2.6 ಮೀಟರ್ ಅಂತರವಿರುವ ಕಾರಿನಲ್ಲಿ, ಮುಂದಿನ ಆಕ್ಸಲ್‌ನ ನೇರ ಮೇಲಿದ್ದ 15 ಕೆ.ಜಿ. ಬ್ಯಾಟರಿಯನ್ನು ಹಿಂದಿನ ಆಕ್ಸಲ್‌ನಿಂದ ಅರ್ಧ ಮೀಟರ್ ಹಿಂದಕ್ಕೆ ಕೂರಿಸಿದರೆ, ಅದು ಒಟ್ಟು 3.1 ಮೀಟರ್ ಸರಿದಂತಾಯಿತು. 15ನ್ನು 3.1ರಿಂದ ಗುಣಿಸಿ 2.6ರಿಂದ ಭಾಗಿಸಿದರೆ ಹಿಂದಿನ ಚಕ್ರಗಳ ಮೇಲೆ ಸುಮಾರು 18 ಕೆ.ಜಿ. ಭಾರ ಹೆಚ್ಚುತ್ತದೆ ಎಂದು ತಿಳಿಯುತ್ತದೆ. ಕಾರಿಗೆ ಒಂದು ಕೆ.ಜಿ.ಯನ್ನೂ ಸೇರಿಸದೆ ದೊರೆಯುವ ಹಿಡಿತ ಇದು.

ಬ್ಯಾಟರಿಯನ್ನು ಡಿಕ್ಕಿಯ ಬಲಗಡೆ, ಹಿಂದಿನ ಬಲ ಚಕ್ರದ ಹಿಂಬದಿಯಲ್ಲಿ ಇಡುವುದು ವಾಡಿಕೆ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಶಾಫ್ಟ್ (ಇಂಜಿನ್ನಿನ ಬಲವನ್ನು ಹಿಂದಿನ ಆಕ್ಸಲ್ಲಿಗೆ ಒಯ್ಯುವ ಉದ್ದ ದಂಡ) ಅಪ್ರದಕ್ಷಿಣವಾಗಿ ತಿರುಗುವುದರಿಂದ, ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ಒಂದೇ ಗಟ್ಟಿ ಹೌಸಿಂಗ್ ಇರುವ ಕಾರು ಜೋರಾಗಿ ಹೊರಡುವ ಕ್ಷಣದಲ್ಲಿ ಎಡ ಚಕ್ರ ನೆಲಕ್ಕೆ ಒತ್ತಿಕೊಂಡು ಬಲ ಚಕ್ರ ಹಗುರಾಗುತ್ತದೆ. ಅಮೆರಿಕದಲ್ಲಿ ಚಾಲಕ ಎಡಗಡೆ ಕೂರುವುದರಿಂದ ಅಲ್ಲಿಯವರಿಗೆ ಬಲಗಡೆಯ ಬ್ಯಾಟರಿ ತುಂಬಾ ಮುಖ್ಯ. ನಮ್ಮಲ್ಲಿ ಚಾಲಕನೇ ಬಲಗಡೆ ಕೂರುವುದರಿಂದ ಆ ಕೆಲಸ ಅರ್ಧ ಆಗಿರುತ್ತದೆ. ಆದರೂ ಬ್ಯಾಟರಿ ಬಲಕ್ಕೆ ಮತ್ತು ಫ್ಯೂಯಲ್ ಸೆಲ್ ಮಧ್ಯಕ್ಕೆ ಅಥವಾ ಎಡಕ್ಕೆ ಇರುವುದೇ ಒಳ್ಳೆಯದು, ಏಕೆಂದರೆ ಅವುಗಳ ನಡುವೆ ಅಂತರ ಸಿಗುತ್ತದೆ.

ಇಂಥ ಕಾರು ರಸ್ತೆಗಲ್ಲ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನೋಂದಾಯಿತ ವಾಹನದ ಮಾರ್ಪಾಟನ್ನು ನಿರ್ಬಂಧಿಸುತ್ತದೆ, 189ನೆಯ ಕಲಂ ಸಾರ್ವಜನಿಕ ಸ್ಥಳದಲ್ಲಿ ಅನುಮತಿಯಿಲ್ಲದೆ ಪಂದ್ಯ ನಡೆಸುವುದನ್ನು ಶಿಕ್ಷಾರ್ಹವಾಗಿಸುತ್ತದೆ. ಅಂಕೋಲಾದ ಕಡೆ ಹೆದ್ದಾರಿ 66 ಎಷ್ಟೇ ಖಾಲಿ ಕಂಡರೂ ಅಲ್ಲಿ ಪರೀಕ್ಷೆ ಮಾಡಬಾರದು. ಕಾರನ್ನು ಲಾರಿಯ ಮೇಲೆ ಹೇರಿಕೊಂಡು, ಅನುಮತಿ ಪಡೆದು ನಡೆಯುವ ಸ್ಪರ್ಧೆಗಳಿಗೇ ಒಯ್ಯಬೇಕು ಮತ್ತು ಆಯಾ ಸ್ಪರ್ಧೆಯ ನಿಯಮಪುಸ್ತಕವನ್ನು ಮೊದಲೇ ಓದಿಕೊಳ್ಳಬೇಕು. ಕೆಳಗಿನ ಅಳತೆಗಳಲ್ಲಿ ಹೆಚ್ಚಿನವು 1951ರಲ್ಲಿ ಆರಂಭವಾದ ಅಮೆರಿಕದ ಎನ್‌ಎಚ್‌ಆರ್‌ಎ ಎಂಬ ಡ್ರ್ಯಾಗ್ ಪಂದ್ಯಗಳ ಸಂಸ್ಥೆಯ ನಿಯಮಗಳಿಂದ ಬಂದವು. ಡ್ರ್ಯಾಗ್ ಕಾರುಗಳ ವಿಷಯದಲ್ಲಿ ಅವು ಅನುಭವದಿಂದ ಗಟ್ಟಿಗೊಂಡ ನಿಯಮಗಳಾದ್ದರಿಂದ ನಾನು ಅವನ್ನೇ ಅನುಸರಿಸುತ್ತೇನೆ.

ಮೊದಲ ಕೆಲಸ ಗೋಡೆ. ಡಿಕ್ಕಿ ಮತ್ತು ಚಾಲಕನ ಕೋಣೆಯ ನಡುವೆ ಹಿಂದಿನ ಸೀಟಿನ ರಟ್ಟು, ಸ್ಪೀಕರ್ ತೂತು, ವೈರಿಂಗ್ ಸಂದು ಹೀಗೆ ಹತ್ತಾರು ತೆರಪುಗಳಿರುತ್ತವೆ. ಅವೆಲ್ಲವನ್ನೂ ಕನಿಷ್ಠ 0.6 ಮಿ.ಮೀ. ಉಕ್ಕಿನ ಅಥವಾ 0.8 ಮಿ.ಮೀ. ಅಲ್ಯೂಮಿನಿಯಂ ತಗಡಿನಿಂದ ಪೂರ್ತಿಯಾಗಿ ಮುಚ್ಚಬೇಕು. ಸೀಟಿನ ಹಿಂಭಾಗವನ್ನಷ್ಟೇ ಮುಚ್ಚಿ, ಮೇಲಿನ ಪಾರ್ಸೆಲ್ ಶೆಲ್ಫ್ ಮತ್ತು ಪಕ್ಕದ ಚಕ್ರದ ಕಮಾನುಗಳನ್ನು ಬಿಟ್ಟುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು. ಕೆಲಸ ಮುಗಿದ ಮೇಲೆ ಡಿಕ್ಕಿಯೊಳಗೆ ಪ್ರಖರವಾದ ದೀಪವಿಟ್ಟು, ಮುಚ್ಚಳ ಹಾಕಿ, ರಾತ್ರಿ ಚಾಲಕನ ಸೀಟಿನಲ್ಲಿ ಕುಳಿತು ನೋಡಿ. ಎಲ್ಲಿ ಬೆಳಕಿನ ಗೆರೆ ಕಾಣುತ್ತದೋ ಅಲ್ಲಿಂದ ಬೆಂಕಿಯೂ ಬರಬಲ್ಲದು.

ಬ್ಯಾಟರಿಯನ್ನು ಚಾಸಿಗೆ ಅಥವಾ ಚಾಸಿಗೆ ವೆಲ್ಡ್ ಮಾಡಿದ ಆ್ಯಂಗಲ್ ಚೌಕಟ್ಟಿಗೆ ಬಿಗಿಯಬೇಕೇ ಹೊರತು ಡಿಕ್ಕಿಯ ತೆಳು ತಗಡಿಗಲ್ಲ. ಕರಾವಳಿಯ ಹಳೆಯ ಕಾರುಗಳಲ್ಲಿ ಆ ತಗಡು ಬಣ್ಣದ ಕೆಳಗೆ ಎಷ್ಟು ಉಳಿದಿದೆ ಎಂಬುದು ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡುವವರೆಗೆ ತಿಳಿಯುವುದಿಲ್ಲ. ನಿಯಮ ಹೇಳುವುದು ಕನಿಷ್ಠ ಎರಡು, 3/8 ಇಂಚಿನ ಬೋಲ್ಟುಗಳು. ನಮ್ಮಲ್ಲಿ ಸುಲಭವಾಗಿ ಸಿಗುವ 10 ಮಿ.ಮೀ. ಬೋಲ್ಟು ಅದಕ್ಕಿಂತ ತುಸು ದಪ್ಪವೇ ಆಗುವುದರಿಂದ ಸಾಲುತ್ತದೆ. ರಬ್ಬರ್ ಪಟ್ಟಿ, ಪ್ಲಾಸ್ಟಿಕ್ ಟೈ ಬೇಡ. 15 ಕೆ.ಜಿ. ಬ್ಯಾಟರಿ 20 ಜಿ (ಗುರುತ್ವದ 20 ಪಟ್ಟು) ಬಲದ ಅಪಘಾತದಲ್ಲಿ 300 ಕೆ.ಜಿ.ಯಷ್ಟು ಜೋರಿನಿಂದ ಮುಂದಕ್ಕೆ, ಅಂದರೆ ಚಾಲಕನ ಕಡೆಗೆ ನುಗ್ಗುತ್ತದೆ. ಸಾದಾ ಲೆಡ್ ಆ್ಯಸಿಡ್ ಬ್ಯಾಟರಿಯ ಬದಲು ಆಮ್ಲವನ್ನು ಗಾಜಿನ ನಾರಿನ ಹಾಸಿನಲ್ಲಿ ಹೀರಿಸಿಟ್ಟ, ಮುಚ್ಚಿದ ಎಜಿಎಂ ಬ್ಯಾಟರಿ ಬಳಸಿದರೆ ಆಮ್ಲ ಚೆಲ್ಲುವ ಭಯ ಕಡಿಮೆ, ಆದರೂ ಅದನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯಿಂದ ಕಾರಿನ ಹೊರಗೆ ಗಾಳಿಕೊಳವೆ ತೆಗೆಯಲೇಬೇಕು.

ಇಲ್ಲಿ ಎರಡು ಆವಿಗಳ ಸ್ವಭಾವವನ್ನು ಅರ್ಥಮಾಡಿಕೊಂಡರೆ ಮುಂದಿನ ಅರ್ಧ ಕೆಲಸ ತಾನಾಗಿ ಸ್ಪಷ್ಟವಾಗುತ್ತದೆ. ಚಾರ್ಜ್ ಆಗುವ ಬ್ಯಾಟರಿ ಬಿಡುವ ಹೈಡ್ರೋಜನ್ ಗಾಳಿಗಿಂತ ತುಂಬಾ ಹಗುರ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 4ನ್ನು ಮುಟ್ಟಿದರೆ ಹೊತ್ತಿಕೊಳ್ಳಬಲ್ಲದು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ತಗ್ಗಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಬ್ಯಾಟರಿ ಪೆಟ್ಟಿಗೆಯ ಕೊಳವೆಯನ್ನು ಪೆಟ್ಟಿಗೆಯ ಅತಿ ಎತ್ತರದ ಮೂಲೆಯಿಂದ ತೆಗೆದು ಬಲಗಡೆ ಹೊರಬಿಡಬೇಕು. ಡಿಕ್ಕಿಯ ನೆಲದ ಅತಿ ತಗ್ಗಿನ ಮೂಲೆಗಳಲ್ಲಿ ನೀರೂ ಆವಿಯೂ ಇಳಿದುಹೋಗುವಂತೆ ತೂತುಗಳನ್ನು ಇಡಬೇಕು. ರಿಲೇ, ಫ್ಯೂಸ್ ಪೆಟ್ಟಿಗೆ ಮೊದಲಾದ ಕಿಡಿ ಹಾರುವ ಯಾವುದನ್ನೂ ಡಿಕ್ಕಿಯ ನೆಲದ ಮಟ್ಟದಲ್ಲಿ ಇಡಬಾರದು. ಜಾಗವಿದ್ದರೆ ಬ್ಯಾಟರಿ ಮತ್ತು ಸೆಲ್ ನಡುವೆ ಇನ್ನೊಂದು ತಗಡಿನ ಅಡ್ಡಗೋಡೆ ಹಾಕಿ.

ಕೇಬಲ್ ವಿಷಯದಲ್ಲಿ ಜಿಪುಣತನ ತೋರಿದವರು ಸ್ಟಾರ್ಟ್ ಆಗದ ಕಾರನ್ನು ತಳ್ಳಬೇಕಾಗುತ್ತದೆ. ಡಿಕ್ಕಿಯಿಂದ ಸೆಲ್ಫ್ ಮೋಟಾರಿನವರೆಗೆ ಸುಮಾರು 5 ಮೀಟರ್ ಕೇಬಲ್ ಬೇಕು. ಮೋಟಾರು 200 ಆಂಪಿಯರ್ ಎಳೆಯುತ್ತದೆ ಎಂದುಕೊಂಡರೆ, 25 ಚದರ ಮಿ.ಮೀ. ತಾಮ್ರದ ಕೇಬಲ್ಲಿನಲ್ಲಿ ಒಂದು ದಿಕ್ಕಿಗೆ 0.7 ವೋಲ್ಟ್ ಕಳೆದುಹೋಗುತ್ತದೆ, 50 ಚದರ ಮಿ.ಮೀ. ಕೇಬಲ್ಲಿನಲ್ಲಿ ಅದರ ಅರ್ಧ. ನಾನು 50ಕ್ಕಿಂತ ಕಡಿಮೆ ಹಾಕುವುದಿಲ್ಲ. ಬರಿ ತಾಮ್ರ ನಮ್ಮ ಉಪ್ಪುಗಾಳಿಗೆ ಬೇಗ ಹಸಿರುಗಟ್ಟುವುದರಿಂದ, ದೋಣಿಗಳಿಗೆ ಬಳಸುವ ತವರ ಲೇಪಿತ ಕೇಬಲ್ ತಂದು, ಬೈತಖೋಲ ಬಂದರಿನಲ್ಲಿ ದೋಣಿಗಳ ವೈರಿಂಗ್ ಮಾಡುವವರಿಂದಲೇ ಲಗ್‌ಗಳನ್ನು (ಕೇಬಲ್ ತುದಿಯ ಲೋಹದ ಕಣ್ಣುಗಳನ್ನು) ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿಸಿ, ಒಳಮೈಗೆ ಅಂಟು ಸವರಿದ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್‌ಶ್ರಿಂಕ್ ಕವಚ ಹಾಕಿಸುತ್ತೇನೆ. ಲಗ್‌ಗೆ ಬೆಸುಗೆ ಮಾತ್ರ ಹಾಕಿ ಬಿಡಬಾರದು. ಬಿಸಿಯಾದರೆ ಬೆಸುಗೆ ಕರಗುತ್ತದೆ.

ಅರ್ಥಿಂಗ್ ಕೂಡ ಅಷ್ಟೇ ಮುಖ್ಯ ಎಂಬುದನ್ನು ನಾನು ನಷ್ಟ ಮಾಡಿಕೊಂಡು ಕಲಿತೆ. ನನ್ನ ಮೊದಲ ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಡಿಕ್ಕಿಯ ತಗಡಿಗೆ ಕೊಟ್ಟು, ಉಳಿದದ್ದನ್ನು ಬಾಡಿ ನೋಡಿಕೊಳ್ಳುತ್ತದೆ ಎಂದು ಸುಮ್ಮನಾಗಿದ್ದೆ. ಇಂಜಿನ್ ಮತ್ತು ಬಾಡಿಯ ನಡುವಿನ ಪಟ್ಟಿ ಬೇರಿನಲ್ಲೇ ತುಕ್ಕು ಹಿಡಿದಿತ್ತು. ಸೆಲ್ಫ್ ಹೊಡೆದಾಗ ಕರೆಂಟು ತನಗೆ ಸಿಕ್ಕ ದಾರಿಯನ್ನು, ಅಂದರೆ ಆಕ್ಸಿಲರೇಟರ್ ಕೇಬಲ್ಲನ್ನೇ ಹಿಡಿಯಿತು. ಹೊಗೆ ಎದ್ದು, ಒಳಗಿನ ಪ್ಲಾಸ್ಟಿಕ್ ಕರಗಿ, ಥ್ರಾಟಲ್ ಅಂಟಿಕೊಂಡಿತು. ಕಾರು ಗ್ಯಾರೇಜಿನೊಳಗೆ ನ್ಯೂಟ್ರಲ್‌ನಲ್ಲಿದ್ದದ್ದರಿಂದ ಅನಾಹುತವಾಗಲಿಲ್ಲ. ಅಂದಿನಿಂದ ನಾನು ಇಂಜಿನ್ ಬ್ಲಾಕಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಪ್ರತ್ಯೇಕ 50 ಚದರ ಮಿ.ಮೀ. ಕೇಬಲ್ಲನ್ನೇ ಎಳೆಯುತ್ತೇನೆ ಮತ್ತು ಬಾಡಿಗೆ ಮುಂದೊಂದು, ಹಿಂದೊಂದು ಸಣ್ಣ ಪಟ್ಟಿ ಕೊಡುತ್ತೇನೆ. ಕರಾವಳಿಯ ಕಾರಿನಲ್ಲಿ ಬಾಡಿಯನ್ನು ಕರೆಂಟಿನ ದಾರಿ ಎಂದು ನಂಬಬಾರದು.

ಪಾಸಿಟಿವ್ ಕೇಬಲ್ ತಗಡನ್ನು ದಾಟುವ ಪ್ರತಿ ಕಡೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಇರಲಿ, ಪ್ರತಿ 30 ಸೆಂ.ಮೀ.ಗೆ ಒಂದು ಕ್ಲ್ಯಾಂಪ್ ಇರಲಿ, ಬ್ಯಾಟರಿಯಿಂದ ಒಂದು ಗೇಣಿನೊಳಗೆ ಸೆಲ್ಫ್ ಮೋಟಾರಿನ ಕರೆಂಟನ್ನು ತಾಳುವ ದೊಡ್ಡ ಫ್ಯೂಸ್ ಇರಲಿ. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ.

ಬ್ಯಾಟರಿ ಡಿಕ್ಕಿಗೆ ಹೋದ ಮೇಲೆ ಹೊರಗಿನಿಂದ ಆರಿಸಬಲ್ಲ ಕಟ್-ಆಫ್ ಸ್ವಿಚ್ ಕಡ್ಡಾಯ. ಅದು ಕಾರಿನ ಹಿಂತುದಿಯಲ್ಲಿ, ಪಾಸಿಟಿವ್ ಕಡೆಯಲ್ಲಿ ಇರಬೇಕು. ಆಫ್ ದಿಕ್ಕು ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು. ಸರಳು ಜೋಡಿಸಿದ್ದರೆ ತಳ್ಳಿದಾಗ ಆರಬೇಕು, ಎಳೆದಾಗಲ್ಲ, ಏಕೆಂದರೆ ಹಿಂದಿನಿಂದ ಓಡಿಬರುವ ಸಹಾಯಕನ ಕೈ ಸಹಜವಾಗಿ ತಳ್ಳುತ್ತದೆ. ಹಲವರು ಎಡವುವುದು ಆಲ್ಟರ್ನೇಟರ್ ವಿಷಯದಲ್ಲಿ. ಬ್ಯಾಟರಿಯ ತಂತಿಯನ್ನಷ್ಟೇ ಕಡಿದರೆ, ಓಡುತ್ತಿರುವ ಇಂಜಿನ್‌ಗೆ ಆಲ್ಟರ್ನೇಟರ್ ಕರೆಂಟು ಕೊಡುತ್ತಲೇ ಇರುತ್ತದೆ; ಪೆಟ್ರೋಲ್ ಪಂಪೂ ನಿಲ್ಲುವುದಿಲ್ಲ. ಆದ್ದರಿಂದ ಇಗ್ನಿಷನ್ ತಂತಿಯನ್ನೂ ಜೊತೆಗೇ ಕಡಿಯುವ, ಆಲ್ಟರ್ನೇಟರಿನ ಕರೆಂಟನ್ನು ರೆಸಿಸ್ಟರ್ ಮೂಲಕ ನೆಲಕ್ಕಿಳಿಸುವ ಆರು ಟರ್ಮಿನಲ್‌ಗಳ ಸ್ವಿಚ್ ಬಳಸಬೇಕು. ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ವಿಚ್ ಆರಿಸಿ ನೋಡಿ: ಇಂಜಿನ್, ಪಂಪ್, ದೀಪ ಎಲ್ಲವೂ ಒಂದೇ ಬಾರಿಗೆ ಸಾಯಬೇಕು. ಒಂದಾದರೂ ಉಳಿದರೆ ವೈರಿಂಗ್ ತಪ್ಪಿದೆ.

ಇನ್ನು ಫ್ಯೂಯಲ್ ಸೆಲ್. ಡ್ರ್ಯಾಗ್ ಪಂದ್ಯದ 402 ಮೀಟರ್ ಓಟಕ್ಕೆ 20 ಲೀಟರಿನ ಸೆಲ್ ಧಾರಾಳವಾಯಿತು. ತುಂಬಿದರೆ ಪೆಟ್ರೋಲಿನ ತೂಕ ಸುಮಾರು 15 ಕೆ.ಜಿ. ಅದನ್ನು ಚಾಸಿಯ ಉದ್ದ ಪಟ್ಟಿಗಳ ನಡುವೆ, ಲೋಹದ ಪೆಟ್ಟಿಗೆಯೊಳಗಿಟ್ಟು, 25 ಮಿ.ಮೀ. ಅಗಲ 3 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಗಳಿಂದ ಸುತ್ತಿ ಬಿಗಿಯಿರಿ. ಪ್ಲಾಸ್ಟಿಕ್ ಸೆಲ್ ಆದರೆ ಅದನ್ನೂ ತುಂಬುವ ಬಾಯಿಯನ್ನೂ ತಂತಿಯಿಂದ ಚಾಸಿಗೆ ಅರ್ಥಿಂಗ್ ಮಾಡಬೇಕು. ಸ್ಥಿರ ವಿದ್ಯುತ್ತಿನ ಒಂದು ಕಿಡಿ ಸಾಕು. ಕಾರು ಹೊರಡುವಾಗ ಪೆಟ್ರೋಲು ಹಿಂದಕ್ಕೆ ನುಗ್ಗುವುದರಿಂದ ಸಂಪ್ (ತಳದ ತಗ್ಗು), ಪಿಕಪ್ (ಪೆಟ್ರೋಲು ಹೀರುವ ಬಾಯಿ) ಎರಡೂ ಹಿಂಭಾಗದಲ್ಲಿರಬೇಕು. ಗಾಳಿಕೊಳವೆಯನ್ನು ಸೆಲ್‌ನ ಮೇಲೆ ಒಂದು ಸುತ್ತು ಎತ್ತರಕ್ಕೆ ಒಯ್ದು, ಕಾರು ಮಗುಚಿದರೆ ಮುಚ್ಚಿಕೊಳ್ಳುವ ವಾಲ್ವ್ ಜೋಡಿಸಿ, ಸೈಲೆನ್ಸರಿನಿಂದ ದೂರ ಎಡಗಡೆಯ ನೆಲದಿಂದ ಹೊರಬಿಡಬೇಕು.

ಸೆಲ್‌ನೊಳಗಿನ ಸ್ಪಂಜಿನ (ಪೆಟ್ರೋಲು ಕುಲುಕದಂತೆ ತುಂಬಿರುವುದು) ಬಗ್ಗೆ ನಮ್ಮ ಜಿಲ್ಲೆಯವರು ವಿಶೇಷ ಎಚ್ಚರ ವಹಿಸಬೇಕು. ಪಾಲಿಯೆಸ್ಟರ್ ಜಾತಿಯ ಸ್ಪಂಜು ಬಿಸಿ ಮತ್ತು ತೇವಕ್ಕೆ ನಿಧಾನವಾಗಿ ಪುಡಿಯಾಗುತ್ತದೆ. ಆ ಪುಡಿ ಫಿಲ್ಟರಿಗೆ ಹೋಗಿ ಕಟ್ಟಿಕೊಂಡು, ಓಟದ ನಡುವೆಯೇ ಇಂಜಿನ್‌ಗೆ ಪೆಟ್ರೋಲು ಸಾಲದಂತಾಗುತ್ತದೆ. ತೇವವನ್ನು ತಾಳುವ ಪಾಲಿಈಥರ್ ಜಾತಿಯದನ್ನೇ ಕೇಳಿ ತೆಗೆದುಕೊಳ್ಳಿ. 2023ರಿಂದ ಬಂಕುಗಳಿಗೆ ಬರತೊಡಗಿದ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನು ಹೀರುತ್ತದೆ. ನೀರು ಹೆಚ್ಚಾದರೆ ಎಥನಾಲ್ ಮತ್ತು ನೀರು ಬೇರ್ಪಟ್ಟು ತಳಕ್ಕೆ, ಅಂದರೆ ಪಿಕಪ್ ಇರುವಲ್ಲಿಗೇ ಇಳಿಯುತ್ತವೆ. ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲದಿದ್ದರೂ ತೇವದ ಕಾಟ ನಮ್ಮಷ್ಟೇ ಇದೆ. ಸ್ಪರ್ಧೆ ಮುಗಿದ ದಿನವೇ ಸೆಲ್ ಬರಿದು ಮಾಡಿ, ಬಾಯಿ ಮುಚ್ಚಿಡುವುದು ಒಳ್ಳೆಯ ಅಭ್ಯಾಸ. ಕೆಲವು ಸೆಲ್‌ಗಳೊಳಗೆ ಪೆಟ್ರೋಲು ಹಿಡಿಯುವ ಮೆದು ಚೀಲವಿರುತ್ತದೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆಯಾದ ಎಫ್‌ಐಎಯ ಎಫ್‌ಟಿ3 ದರ್ಜೆಯ ಚೀಲದ ಮೇಲೆ ತಯಾರಿಕೆಯ ದಿನಾಂಕವಿರುತ್ತದೆ. ಅದರ ಆಯುಷ್ಯ 5 ವರ್ಷ. ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರು ಮೊದಲು ಆ ದಿನಾಂಕ ನೋಡಲಿ.

ಪಂಪನ್ನು ಸೆಲ್‌ಗೆ ಹತ್ತಿರ ಮತ್ತು ಅದಕ್ಕಿಂತ ತಗ್ಗಿನಲ್ಲಿ ಕೂರಿಸಿ. ಈ ಪಂಪುಗಳು ತಳ್ಳಲು ಗಟ್ಟಿಗ, ಹೀರಲು ದುರ್ಬಲ. ಪಂಪಿನ ಮುಂಚೆ 100 ಮೈಕ್ರಾನ್, ನಂತರ 10 ಮೈಕ್ರಾನ್ ಫಿಲ್ಟರ್ ಹಾಕಿ. ಪೆಟ್ರೋಲ್ ಪೈಪು ಎಡಗಡೆಯಿಂದ, ಬ್ಯಾಟರಿ ಕೇಬಲ್ ಬಲಗಡೆಯಿಂದ ಹೋಗಲಿ. ಪ್ರೊಪೆಲ್ಲರ್ ಶಾಫ್ಟಿನ ಸುರಂಗದೊಳಗೆ ಪೆಟ್ರೋಲ್ ಪೈಪು ಖಂಡಿತ ಹೋಗಬಾರದು. ಫ್ಲೈವೀಲ್ (ಇಂಜಿನ್ನಿನ ಹಿಂದೆ ತಿರುಗುವ ಭಾರದ ಗಾಲಿ) ಪಕ್ಕದಲ್ಲಿ ಹಾದುಹೋಗುವ ಭಾಗಕ್ಕೆ 3 ಮಿ.ಮೀ.ಗಿಂತ ದಪ್ಪ ಗೋಡೆಯ, 40 ಸೆಂ.ಮೀ. ಉದ್ದದ ಉಕ್ಕಿನ ಕೊಳವೆಯ ರಕ್ಷಣೆ ಕೊಡಬೇಕು. ಇಡೀ ಕಾರಿನಲ್ಲಿ ಸಾದಾ ರಬ್ಬರ್ ಪೈಪು ಒಟ್ಟು 30 ಸೆಂ.ಮೀ. ಮೀರಬಾರದು.

ಎಲ್ಲ ಮುಗಿದ ಮೇಲೆ, ಬ್ಯಾಟರಿ ಕೂಡಿಸುವ ಮೊದಲೇ, ಸೆಲ್‌ಗೆ 5 ಲೀಟರ್ ಹಾಕಿ, ಪ್ರತಿ ಜೋಡಣೆಯ ಕೆಳಗೆ ಒಣ ಕಾಗದವಿಟ್ಟು ಒಂದು ರಾತ್ರಿ ಬಿಡಿ. ಕಾಗದ ಒದ್ದೆಯಾಗಿರದಿದ್ದರೆ ಡಿಕ್ಕಿಯನ್ನು ಚೆನ್ನಾಗಿ ಗಾಳಿಗೆ ತೆರೆದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಬ್ಯಾಟರಿ ಕೂಡಿಸಿ, ಪಂಪ್ ಮಾತ್ರ ಎರಡು ನಿಮಿಷ ಓಡಿಸಿ ಮತ್ತೆ ನೋಡಿ. ಅನಂತರವೇ ಇಂಜಿನ್, ಅನಂತರವೇ ಕಟ್-ಆಫ್ ಪರೀಕ್ಷೆ. ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆ ಕಾರನ್ನು ಸಾಗಿಸುವಾಗ ಸೆಲ್ ಖಾಲಿಯಿರಲಿ, ಕಟ್-ಆಫ್ ಆರಿರಲಿ. ಇಳಿಸಿದ ಮೇಲೆ ಬ್ಯಾಟರಿಯ ಮತ್ತು ಸೆಲ್‌ನ ಪ್ರತಿ ಬೋಲ್ಟಿಗೂ ಮತ್ತೊಮ್ಮೆ ಸ್ಪ್ಯಾನರ್ ಹಾಕಿ ನೋಡಿ.