ನೈಟ್ ಡ್ಯೂಟಿಯಲ್ಲಿ ಏಳು ಕೀರ್ತನೆಗಳು

ಮೊದಲ ವರ್ಷ ಲೆಂಟ್ ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ, ಸತ್ಯವೇದದ (ಬೈಬಲಿನ) 150 ಕೀರ್ತನೆಗಳನ್ನೂ ಓದಿ ಮುಗಿಸುತ್ತೇನೆಂದು ಹೊರಟಿದ್ದೆ. ದಿನಕ್ಕೆ ನಾಲ್ಕು. ಓದಿದ್ದಕ್ಕೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. 176 ವಚನಗಳ 119ನೇ ಕೀರ್ತನೆಗೆ ಬರುವಷ್ಟರಲ್ಲಿ ಕಣ್ಣು ಸಾಲಿನ ಮೇಲೆ ಓಡುತ್ತಿತ್ತು, ಪ್ರಾರ್ಥನೆ ಎಲ್ಲೋ ಹಿಂದೆ ಉಳಿದಿತ್ತು. ನಿನ್ನೆ ಏನು ಓದಿದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಮರುವರ್ಷ ಏಳಕ್ಕೆ ಇಳಿಸಿದೆ: 6, 32, 38, 51, 102, 130, 143. ಪಶ್ಚಾತ್ತಾಪದ ಕೀರ್ತನೆಗಳೆಂದು ಶತಮಾನಗಳಿಂದ ಕ್ರೈಸ್ತ ಸಭೆ ಒಟ್ಟಿಗೆ ಇಟ್ಟುಕೊಂಡು ಬಂದವು ಇವು. ಲೆಂಟ್ ಶುರುವಾಗುವ ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ 46 ದಿನ. ಆರು ಭಾನುವಾರ ಕಳೆದರೆ 40. ಮೊದಲ ನಾಲ್ಕು ದಿನಕ್ಕೆ ಒಂದು, ಆಮೇಲೆ ವಾರಕ್ಕೊಂದರಂತೆ ಆರು. ಲೆಕ್ಕ ಸರಿಯಾಗಿ ಕೂತಿತು.

ನಮ್ಮದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಕಾಲದಿಂದ ಬಂದ ಪ್ರೊಟೆಸ್ಟಂಟ್ ಮನೆತನ. ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ರೂಢಿ ನಮ್ಮಲ್ಲಿರಲಿಲ್ಲ. "ಇದೆಲ್ಲ ಕಥೋಲಿಕರದ್ದಲ್ವಾ?" ಎಂದರು ಅಮ್ಮ. ಪ್ರೊಟೆಸ್ಟಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1517ರಲ್ಲಿ ತಾವಾಗಿ ಅಚ್ಚು ಹಾಕಿಸಿದ ಮೊದಲ ಪುಸ್ತಕವೇ ಈ ಏಳು ಕೀರ್ತನೆಗಳ ಜರ್ಮನ್ ಅನುವಾದ ಮತ್ತು ವಿವರಣೆ ಎಂದು ಹೇಳಿದೆ. ಅಮ್ಮ ಒಳಗೆ ಹೋಗಿ ತಮ್ಮ ಹಳೆಯ ಸತ್ಯವೇದವನ್ನೇ ತಂದುಕೊಟ್ಟರು.

ನಾನು ನರ್ಸ್. ಡ್ಯೂಟಿಗೆ ಹೊರಡುವ ಮೊದಲು ಊಟದ ಮೇಜಿನ ಹತ್ತಿರ ನಿಂತು ಆ ವಾರದ ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತಿದ್ದೆ. ಕಣ್ಣು ಸಾಲು ಹಾರುತ್ತದೆ, ನಾಲಿಗೆಗೆ ಹಾರಲು ಬರುವುದಿಲ್ಲ. ವಾರದಲ್ಲಿ ಒಂದು ದಿನ ಪೂರ್ತಿ ಕೀರ್ತನೆಯನ್ನು ನೋಟ್ ಬುಕ್ಕಿಗೆ ಇಳಿಸುವುದು, ಒಂದು ವಚನವನ್ನು ಚೀಟಿಯಲ್ಲಿ ಬರೆದು ಯೂನಿಫಾರ್ಮಿನ ಜೇಬಿಗೆ ಹಾಕಿಕೊಳ್ಳುವುದು. ವಾರ್ಡಿನಲ್ಲಿ ಮಾತ್ರ ದನಿ ತೆಗೆಯಲಿಲ್ಲ. ಅಲ್ಲಿ ಮಲಗಿದವರೆಲ್ಲ ಅವರವರ ದೇವರನ್ನು ಕರೆಯುತ್ತಿರುತ್ತಾರೆ.

ಪಾಪವನ್ನು ಹೇಳದೆ ಸುಮ್ಮನಿದ್ದಾಗ ತನ್ನ ಮೂಳೆಗಳೇ ಸವೆದುಹೋದವು ಎನ್ನುತ್ತದೆ 32ನೇ ಕೀರ್ತನೆ. ರೋಗಿಗಳ ಎದುರೇ ನಾನು ಗದರಿದ್ದ ಒಬ್ಬ ಕಿರಿಯ ನರ್ಸಿನ ಮುಖ ಆ ವಾರವೇ ಕಣ್ಣ ಮುಂದೆ ಬಂತು. ಫೋನು ಮಾಡಿ ಕ್ಷಮೆ ಕೇಳಿದ್ದು 51ರ ವಾರದಲ್ಲಿ. ಅಷ್ಟು ದಿನ ಬೇಕಾಯಿತು.

ನನಗೆ ಕಷ್ಟವಾದದ್ದು 38. ಗಾಯಗಳು ಕೊಳೆತು ನಾರುತ್ತಿವೆ, ಗೆಳೆಯರು ದೂರ ನಿಂತಿದ್ದಾರೆ, ಇದೆಲ್ಲ ನನ್ನ ಪಾಪದಿಂದ ಎಂದು ಅಳುವ ಕೀರ್ತನೆ ಅದು. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾದವರಿಗೆ ಡ್ರೆಸ್ಸಿಂಗ್ ಮಾಡುವಾಗ ಆ ವಾಸನೆ ಗೊತ್ತು, ಬಾಗಿಲ ಹತ್ತಿರವೇ ನಿಲ್ಲುವ ನೆಂಟರೂ ಗೊತ್ತು. "ಯಾವ ಪಾಪಕ್ಕೆ ಸಿಸ್ಟರ್, ಈ ಕಾಯಿಲೆ?" ಎಂದು ಕೇಳಿದವರಿಗೆ ಈ ಕೀರ್ತನೆಯನ್ನು ನಾನು ಹೇಗೆ ಕೊಡಲಿ? ಹುಟ್ಟುಕುರುಡನನ್ನು ತೋರಿಸಿ ಶಿಷ್ಯರು ಕೇಳಿದ್ದೂ ಇದನ್ನೇ, ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ ಎಂದು ಯೇಸು ಹೇಳಿದರು. ಆ ವಾರವಿಡೀ ಎರಡನ್ನೂ ಜೊತೆಯಲ್ಲಿಟ್ಟು ಓದಿದೆ. ಕೀರ್ತನೆ ಹಾಸಿಗೆಯಲ್ಲಿರುವವನ ಮಾತು. ಹಾಸಿಗೆಯ ಪಕ್ಕ ನಿಂತ ನನಗೆ ಅವನ ಮೇಲೆ ಅದನ್ನು ಹೊರಿಸುವ ಹಕ್ಕಿಲ್ಲ.

ಉತ್ತರ ಆಫ್ರಿಕಾದ ಹಿಪ್ಪೋದ ಬಿಷಪ್ ಅಗಸ್ಟೀನ್ 430ರಲ್ಲಿ ಕೊನೆಯ ಕಾಯಿಲೆ ಬಿದ್ದಾಗ ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಗೋಡೆಗೆ ತೂಗುಹಾಕಿಸಿದರಂತೆ, ಮಲಗಿದಲ್ಲಿಂದಲೇ ಓದಿ ಅಳುವುದಕ್ಕೆ. ಮಲಗಿದವರು ಗೋಡೆಯನ್ನು ಎಷ್ಟು ಹೊತ್ತು ನೋಡುತ್ತಾರೆಂದು ನನಗೆ ಗೊತ್ತು.

130ರಲ್ಲಿ ಎಂಟೇ ವಚನ. ನೋಟ್ ಬುಕ್ಕಿಗೆ ಇಳಿಸುವಾಗ, ಬೆಳಗನ್ನು ಎದುರುನೋಡುವ ಕಾವಲುಗಾರರ ಸಾಲನ್ನು ತಪ್ಪಿ ಎರಡು ಸಲ ಬರೆದೆನೆಂದು ಒಂದನ್ನು ಹೊಡೆದುಹಾಕಿದೆ. ಸತ್ಯವೇದ ನೋಡಿದರೆ ಅಲ್ಲಿಯೂ ಎರಡು ಸಲ. ಅದೇ ರಾತ್ರಿ ನಾಲ್ಕು ಗಂಟೆಗೆ ಕಿಟಕಿ ಪಕ್ಕದ ಹಾಸಿಗೆಯ ಅಜ್ಜ, "ಸಿಸ್ಟರ್, ಬೆಳಗಾಯ್ತಾ?" ಎಂದರು. "ಇನ್ನೂ ಇಲ್ಲ ಅಜ್ಜ." ಡ್ರಿಪ್ ಬದಲಿಸಿ ತಿರುಗುವಷ್ಟರಲ್ಲಿ ಮತ್ತೆ, "ಬೆಳಗಾಯ್ತಾ?"

ಕೊನೆಯ ವಾರ 143. ಶುಭ ಶುಕ್ರವಾರದ ಆರಾಧನೆಗೆ ಹೋಗಲಾಗಲಿಲ್ಲ, ಡ್ಯೂಟಿ ಇತ್ತು. ಬೆಳಗ್ಗೆ ನಿನ್ನ ಪ್ರೀತಿಯನ್ನು ನನಗೆ ಕೇಳಿಸು ಎಂದು ಬೇಡುವ 8ನೇ ವಚನದ ಚೀಟಿ ಜೇಬಿನಲ್ಲಿತ್ತು. ಬೆಳಕು ಹರಿದ ಕೂಡಲೇ ಆ ಕಿಟಕಿಯ ಪರದೆ ಸರಿಸಿದೆ. ಈ ಸಲ ಅಜ್ಜ ಕೇಳುವ ಮೊದಲೇ.